ಸೋರೆ ಬೇರಿನ ಮೇಲೆ ಕಲ್ಲಂಗಡಿ

ಹೆಬ್ಬಾಲೆ ಕಡೆ ನಮ್ಮ ಹೊಲ. ಒಂದೇ ಜಾಗದಲ್ಲಿ ಮೂರು ಬೇಸಿಗೆ ಕಲ್ಲಂಗಡಿ ಹಾಕಿದ್ದಕ್ಕೆ ಸೊರಗು ರೋಗ ಬಂತು. ಬೆಳಗ್ಗೆ ಚೆನ್ನಾಗಿದ್ದ ಬಳ್ಳಿ ಮಧ್ಯಾಹ್ನಕ್ಕೆ ಬಾಡಿ ಮಲಗುತ್ತಿತ್ತು. ಬುಡ ಸೀಳಿದರೆ ಒಳಗೆ ಕಂದು ಗೆರೆ. ಈ ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಸೋರೆ ಬೇರಿಗೆ ಅದು ಅಷ್ಟಾಗಿ ಹತ್ತುವುದಿಲ್ಲ. ಅದಕ್ಕೇ ಕಲ್ಲಂಗಡಿ ಕುಡಿಯನ್ನು ಸೋರೆ ಬೇರಿಗೆ ಕಸಿ ಮಾಡಿ ನೋಡಿದೆ.

ಮೊದಲು ಸೋರೆ ಬೀಜ, ಐದಾರು ದಿನ ಬಿಟ್ಟು ಕಲ್ಲಂಗಡಿ. ಸೋರೆಯ ಸುಳಿ ಚಿವುಟಿ, ಅಲ್ಲೇ ಬಿದಿರು ಕಡ್ಡಿಯಲ್ಲಿ ಓರೆಯಾಗಿ ತೂತು ಮಾಡಿ, ಚೂಪಾಗಿ ಹೆರೆದ ಕಲ್ಲಂಗಡಿ ಕುಡಿ ಸಿಕ್ಕಿಸಬೇಕು. ಕೈ ಕುದುರಿದರೆ ಸುಲಭ. ಕಷ್ಟ ಆಮೇಲೆ. ಗಾಯ ಕೂಡಲು 25ರಿಂದ 28 ಡಿಗ್ರಿ ಬಿಸಿ, ಒಳ್ಳೆ ತೇವ, ಮೊದಲೆರಡು ದಿನ ಕತ್ತಲು ಬೇಕು. ಜನವರಿ ಚಳಿಯಲ್ಲಿ ಎಲ್ಲಿಂದ ತರಲಿ? ಮೊದಲ ಟ್ರೇ ಪೂರ್ತಿ ಸತ್ತಿತು. ಎರಡನೆಯದನ್ನು ಬಚ್ಚಲುಮನೆಯಲ್ಲಿ ಹಂಡೆ ಒಲೆ ಪಕ್ಕ ಪ್ಲಾಸ್ಟಿಕ್ ಹೊದಿಸಿ ಇಟ್ಟೆ. "ನೀರು ಕಾಯಿಸೋದು ನಮ್ಗಾ, ನಿನ್ನ ಗಿಡಕ್ಕಾ?" ಅಂತ ಅವ್ವ ಬೈದರು. ಮುಕ್ಕಾಲು ಪಾಲು ಸಸಿ ಉಳಿಯಿತು.

ನಾಟಿ ಮಾಡುವಾಗ ಕಸಿ ಗಂಟು ಮಣ್ಣಿಗೆ ತಾಗಬಾರದು. ತಾಗಿದರೆ ಕಲ್ಲಂಗಡಿಯೇ ಬೇರು ಬಿಟ್ಟು ಮತ್ತೆ ರೋಗ ಹತ್ತುತ್ತದೆ.

ಬಳ್ಳಿ ಸೊರಗಲಿಲ್ಲ. ನಾನು ಎಡವಿದ್ದು ಕೊಯ್ಲಿನಲ್ಲಿ. ಕಾಯಿ ಕಚ್ಚಿದ 35 ದಿನಕ್ಕೆ ಕೊಯ್ಯುವುದು ನಮ್ಮ ಹಳೇ ಲೆಕ್ಕ. ಅದೇ ಲೆಕ್ಕ ಹಿಡಿದು ಒಂದು ಗಾಡಿ ಕೊಯ್ಯಿಸಿದೆ. ಕತ್ತರಿಸಿದರೆ ಒಳಗೆಲ್ಲ ತಿಳಿ ಗುಲಾಬಿ, ಸಿಹಿ ಅಳೆಯುವ ಬ್ರಿಕ್ಸ್ ಮೀಟರ್‌ನಲ್ಲಿ 8. ಸುಮ್ನೆ ನೀರು! ವ್ಯಾಪಾರಿ ಅರ್ಧ ರೇಟಿಗೆ ಎತ್ತಿಕೊಂಡು ಹೋದ. ಉಳಿದವನ್ನು ಇನ್ನೊಂದು ವಾರ ಬಿಟ್ಟೆ. ತೊಟ್ಟಿನ ಪಕ್ಕದ ಕುಡಿಬಳ್ಳಿ ಪೂರ್ತಿ ಒಣಗಿ, ನೆಲಕ್ಕೆ ತಾಗಿದ ಮಚ್ಚೆ ಬೆಣ್ಣೆ ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದರೆ 10.5, ಒಳ್ಳೆ ಕೆಂಪು. ತಿರುಳೂ ಗಟ್ಟಿ, ಕಚ್ಚಿದರೆ ಕರುಂ ಅನ್ನುತ್ತಿತ್ತು. ಸಿಪ್ಪೆ ಸ್ವಲ್ಪ ದಪ್ಪ, ಆದರೆ ಮೈಸೂರಿಗೆ ಹೋದ ಲೋಡಿನಲ್ಲಿ ಒಡೆದದ್ದು ಕಡಿಮೆ.

ಎರಡು ಸಾಲು ಕುಂಬಳ ಬೇರಿಗೂ ಕಟ್ಟಿದ್ದೆ. ಹಣ್ಣು ದೊಡ್ಡವು, ನಾರು ಜಾಸ್ತಿ. ನನಗಂತೂ ಹಿಡಿಸಲಿಲ್ಲ. ಯೂರಿಯಾ ಹಳೇ ಅಳತೆಯಲ್ಲೇ ಕೊಟ್ಟದ್ದೂ ತಪ್ಪು. ಬೇರಿಗೆ ಮೊದಲೇ ಜೋರು, ಬಳ್ಳಿ ಸೊಪ್ಪಿಗೆ ಹೋಗಿ ಹಣ್ಣಾಗುವುದು ಇನ್ನೂ ತಡ.

ತಡವಾದರೆ ಮಳೆ ಭಯ. ಕಾಫಿಯವರು ಗಿಡ ಹೂ ಬಿಡಿಸುವ ಬೇಸಿಗೆಯ ಹೂಮಳೆಗೆ ಕೈ ಮುಗಿಯುತ್ತಾರೆ, ನನ್ನ ಹಣ್ಣಿಗೆ ಅದೇ ಮಳೆ ಬಿದ್ದರೆ ಸಿಹಿ ಇಳಿಯುತ್ತದೆ, ಸಿಪ್ಪೆ ಬಿರಿಯುತ್ತದೆ. ಅದಕ್ಕೇ ಈ ಸಲ ಡಿಸೆಂಬರ್ ಕೊನೆಗೇ ಸೋರೆ ಬೀಜ ಹಾಕಿದ್ದೇನೆ. ಒಲೆ ಪಕ್ಕದ ಜಾಗವನ್ನೂ ಖಾಲಿ ಮಾಡಿಟ್ಟಿದ್ದೇನೆ.