ಹೊಂಗೆ ಮರದಡಿ ನಡೆದ ಬಸುರಿಯರ ತಪಾಸಣೆ

"ಮನೆ ಮನೆ ತಿರುಗಿದರೆ ಸೋಂಕು ಹಂಚೋಳು ನೀನೇ ಆಗ್ತೀಯ" ಅಂತ ಕೊರೊನಾ ಹೊತ್ತಲ್ಲಿ ಪಕ್ಕದ ಸಬ್‌ಸೆಂಟರ್ (ಹಳ್ಳಿಯ ಉಪ ಆರೋಗ್ಯ ಕೇಂದ್ರ) ಸಿಸ್ಟರ್ ಬೈದಿದ್ದರು. ಕೊನೆಗೆ ಬಸುರಿಯರು ಇದ್ದಲ್ಲಿಗೇ ಹೋಗಿ ನೋಡುವ ನನ್ನ ದಾರಿಯೇ ಕೆಲಸ ಮಾಡಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಸಿಸ್ಟರೇ, ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ರಿಜಿಸ್ಟರ್‌ನಲ್ಲಿ ಸುಮಾರು ನಲವತ್ತು ಬಸುರಿಯರಿದ್ದರು. ಏಪ್ರಿಲ್ 9ರ ತಪಾಸಣೆಗೆ ಬಂದವರು ಮೂರೋ ನಾಲ್ಕೋ. ಬಸ್ಸಿಲ್ಲ, ಜೊತೆಗೆ ಆಸ್ಪತ್ರೆ ಅಂದರೇ ಭಯ.

ಮೊದಲು ಫೋನ್ ನಂಬಿದೆ. ಅದೇ ನನ್ನ ದೊಡ್ಡ ತಪ್ಪು. ಫೋನ್ ಇರೋದು ಗಂಡನ ಜೇಬಲ್ಲಿ. ಒಬ್ಬ ಹುಡುಗಿ "ಆರಾಮ್ ಅದೀನ್ರೀ ಸಿಸ್ಟರ್" ಅಂದಳು. ಎಂಟು ದಿನಕ್ಕೆ ಮುಖ, ಕಾಲು ಊದಿಸಿಕೊಂಡು ಬಂದಳು. ಬಿಪಿ 170/110, ಅಪಾಯದ ಮಟ್ಟ. ದಾವಣಗೆರೆಯಲ್ಲಿ ಮೊದಲ ಆಸ್ಪತ್ರೆಯವರು ಕೊರೊನಾ ರಿಪೋರ್ಟ್ ಕೇಳಿ ಬಾಗಿಲಲ್ಲೇ ನಿಲ್ಲಿಸಿದರು. ಎರಡನೆಯ ಕಡೆ ಸೇರಿಸಿಕೊಳ್ಳುವಷ್ಟರಲ್ಲಿ ಮಗು ಹೋಗಿತ್ತು. ತಾಯಿ ಉಳಿದಳು. ಅವಳಿಗೆ ಸೋಂಕೇ ಇರಲಿಲ್ಲ.

ಆಮೇಲೆ ವಾರಕ್ಕೊಂದು ಹಟ್ಟಿ, ಹೊಂಗೆ ಮರದ ಕೆಳಗೆ. ಒಬ್ಬೊಬ್ಬರಿಗೂ ಬೇರೆ ಹೊತ್ತು. ಬಿಪಿ, ಹಿಮೋಗ್ಲೋಬಿನ್, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್, ಮಗುವಿನ ಎದೆಬಡಿತ. ಇಷ್ಟೇ, ಬೇರೆ ಮಾತಿಲ್ಲ. ಕೈಯಿಂದ 1,800 ಕೊಟ್ಟು ಡಿಜಿಟಲ್ ಬಿಪಿ ಮೆಷಿನ್ ತಂದೆ. ಸೆಲ್ ಇಳಿದರೆ ಹದಿನೈದು ಪಾಯಿಂಟ್ ಜಾಸ್ತಿ ತೋರಿಸುತ್ತಿತ್ತು. ದುಡ್ಡು ದಂಡ, ಹಳೇ ಪಂಪಿನದಕ್ಕೇ ವಾಪಸ್. ಸ್ಕೂಟಿ ಪೆಟ್ರೋಲ್‌ಗೆ ಆಗ ತಿಂಗಳಿಗೆ ಸಾವಿರದೈನೂರು. ಅದರಲ್ಲಿ ಅರ್ಧ ಇನ್ನೂ ನನಗೆ ವಾಪಸ್ ಬಂದಿಲ್ಲ.

ಕೊರೊನಾ ಟೆಸ್ಟ್ ಇಲ್ಲ ಅಂತ ಹೆರಿಗೆ ತಡ ಮಾಡಬಾರದು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಮೇ ತಿಂಗಳಲ್ಲೇ ಹೇಳಿತ್ತು. ಆ ಹಾಳೆ ಜೆರಾಕ್ಸ್ ಮಾಡಿಸಿ ಪ್ರತಿ ತಾಯಿ ಕಾರ್ಡ್‌ಗೂ ಪಿನ್ ಹೊಡೆದೆ. ಹಿಂದೆ ಆಟೋದವನ ನಂಬರ್. 108 ಕೊರೊನಾ ಕೇಸಲ್ಲಿ ಓಡುತ್ತಿದ್ದಾಗ ಇದೇ ಕೈ ಹಿಡಿದಿದ್ದು. ಎಂಟು ತಿಂಗಳು ತುಂಬಿದ ಕೂಡಲೇ ಆಟೋಗೆ ಇನ್ನೂರು ಅಡ್ವಾನ್ಸ್. ರಾತ್ರಿ ಎರಡಕ್ಕೂ ಆಟೋದವನು ಬರುವ ಹಾಗೆ ಹೇಗೆ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎರಡು ಬಟ್ಟಲು, ಹತ್ತು ಮೆಕ್ಕೆಜೋಳದ ಕಾಳು. ಹೊಟ್ಟೆಯಲ್ಲಿ ಮಗು ಒದ್ದಾಗಲೆಲ್ಲ ಒಂದು ಕಾಳು ಆಚೆ ಬಟ್ಟಲಿಗೆ. ಎರಡು ಗಂಟೆಯಲ್ಲಿ ಹತ್ತೂ ಹೋಗದಿದ್ದರೆ ನನಗೆ ಫೋನ್. ಒಂದು ಮನೆಯಲ್ಲಿ ಅತ್ತೆಯೇ ಕಾಳು ಹಾಕಿಬಿಡುತ್ತಿದ್ದರು! ಆದರೂ ಆರು ಕಾಳಿಗೇ ನಿಂತ ಒಬ್ಬಳನ್ನು ಆವತ್ತೇ ಕಳಿಸಿದೆ. ಸಿಸೇರಿಯನ್ ಆಯಿತು. ಮಗು ಈಗ ಅಂಗನವಾಡಿಗೆ ಹೋಗುತ್ತಿದೆ.

2021ರ ಎರಡನೇ ಅಲೆ ಬೇರೆಯೇ ಕಥೆ. ಸೋಂಕೇ ಬಸುರಿಯರನ್ನು ಹಿಡಿಯಿತು. ನನ್ನ ಇಬ್ಬರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಒಬ್ಬಳು ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದಳು. ಜುಲೈನಲ್ಲಿ ಬಸುರಿಯರಿಗೂ ಕೊರೊನಾ ಲಸಿಕೆ ಹಾಕಲು ಒಪ್ಪಿಗೆ ಸಿಕ್ಕಿತು. ಮೊದಲ ದಿನ ಒಬ್ಬರೂ ಬರಲಿಲ್ಲ. ನಾನು ಆಟೋದವನ ಹೆಂಡತಿಯನ್ನೇ ಒಪ್ಪಿಸಿದೆ, ಏಳು ತಿಂಗಳ ಬಸುರಿ. ಮಾರನೇ ವಾರ ಹದಿನಾಲ್ಕು ಜನ.

ಎರಡು ವರ್ಷದಲ್ಲಿ ಎಪ್ಪತ್ತೈದರ ಹತ್ತಿರ ಹೆರಿಗೆ. ಮನೆಯಲ್ಲಾಗಿದ್ದು ಎರಡೇ. ತಾಯಿ ಸಾವು ಒಂದೂ ಇಲ್ಲ. ಆ ಮೊದಲ ಹುಡುಗಿ 2022ರಲ್ಲಿ ಮತ್ತೆ ಬಸುರಿಯಾದಳು. ಹದಿನೈದು ದಿನಕ್ಕೊಮ್ಮೆ ನಾನೇ ಹೋಗಿ ಬಿಪಿ ನೋಡಿದೆ.