ಅಬ್ರಹಾಮನ ಉತಾರ ಹುಡುಕುತ್ತ

30 ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಖರೀದಿ ಪತ್ರ ಬರೆದವ ನಾನು. ಹಾಗಾಗಿ ನಮ್ಮ ಗುರುವಾರದ ಸತ್ಯವೇದ ಅಧ್ಯಯನಕ್ಕೆ ‘ವಾಗ್ದತ್ತ ದೇಶ’, ಅಂದರೆ ದೇವರು ಅಬ್ರಹಾಮನಿಗೂ ಅವನ ಸಂತತಿಗೂ ಕೊಡುತ್ತೇನೆಂದ ಕಾನಾನ್ ದೇಶ, ಎಂಬ ವಿಷಯ ಬಂದಾಗ ಎಲ್ಲರೂ ನನ್ನ ಕಡೆಗೇ ನೋಡಿದರು. ನಾನೂ ಹಿಗ್ಗಿದೆ. ಒಂದೇ ಸಂಜೆಯಲ್ಲಿ ಮುಗಿಸಿಬಿಟ್ಟೆ: ಕಾನಾನ್ ಬರೀ ನೆರಳು, ನಿಜವಾದದ್ದು ಪರಲೋಕ, ಇಬ್ರಿಯ 11:16 ನೋಡಿರಿ, ಆಮೆನ್.

ಮೂಲೆಯಲ್ಲಿ ಅಜ್ಜಿಯೊಬ್ಬರು ಕೂತಿದ್ದರು. ಎರಡು ಎಕರೆ ಜೋಳದ ಹೊಲವನ್ನು ಇಂದಿಗೂ ತಾವೇ ನಿಂತು ಮಾಡಿಸುವವರು. ‘ಹಂಗಾದ್ರ ದೇವರು ಮಣ್ಣು ಕೊಡ್ತೇನಿ ಅಂದು ಮೋಡ ಕೊಟ್ಟನೇನು ತಮ್ಮಾ?’ ಅಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದಿಂದ ಮತ್ತೆ ಶುರು ಮಾಡಿದೆ. ಈ ಸಲ ಕಾಗದಪತ್ರ ಓದುವ ಹಾಗೆ ಓದಿದೆ: ಕೊಡುವವರು ಯಾರು, ಪಡೆಯುವವರು ಯಾರು, ಚಕ್ಕುಬಂದಿ ಏನು, ಕಬ್ಜಾ ಯಾವಾಗ ಸಿಕ್ಕಿತು.

ಚಕ್ಕುಬಂದಿ 15:18ರಲ್ಲಿದೆ, ಐಗುಪ್ತದ ನದಿಯಿಂದ ಯೂಫ್ರೆಟಿಸ್‌ವರೆಗೆ. 17:8ರಲ್ಲಿ ಅದು ‘ಶಾಶ್ವತ’. ಆದರೆ ಅಬ್ರಹಾಮನ ಕಬ್ಜಾಕ್ಕೆ ಒಂದು ಹೆಜ್ಜೆಯಷ್ಟೂ ಬರಲಿಲ್ಲ ಎಂದು ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನೇ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 7:5). ಅವನ ಹೆಸರಿಗೆ ಆದದ್ದೆಲ್ಲ ಹೆಬ್ರೋನಿನ ಬಳಿಯ ಮಕ್ಪೇಲದ ಹೊಲ ಮತ್ತು ಅದರ ಗವಿ, ಹೆಂಡತಿಯನ್ನು ಹೂಳಲು. ಅದನ್ನೂ ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟೇ ಕೊಂಡ. 23ನೇ ಅಧ್ಯಾಯ ನನಗೆ ಎಷ್ಟು ಹಿಡಿಸಿತೆಂದರೆ ಎರಡು ವಾರ ಅಲ್ಲೇ ಕೂತೆ. ಹೊಲ, ಗವಿ, ಮೇರೆಯೊಳಗಿನ ಮರಗಳು, ಊರಬಾಗಿಲಲ್ಲಿ ಸಾಕ್ಷಿದಾರರು: ಒಂದು ಅಂಶವೂ ಬಿಟ್ಟಿಲ್ಲ. ದೇವರಿಂದ ಇಡೀ ದೇಶದ ಮಾತು ಪಡೆದವನು ‘ನಾನು ಪರದೇಶಿ, ಪ್ರವಾಸಿ’ ಎನ್ನುತ್ತ ಪೂರ್ತಿ ಬೆಲೆ ಕೊಡುತ್ತಾನೆ.

ಮೋಶೆಯ ನಂತರ ಜನರನ್ನು ಕಾನಾನಿಗೆ ನಡೆಸಿದ ಯೆಹೋಶುವನ ಕಾಲಕ್ಕೆ ಕಬ್ಜಾ ಆಯಿತೆ? ಅವನ ಹೆಸರಿನ ಪುಸ್ತಕದ 21:45ರ ಪ್ರಕಾರ ಒಂದು ಮಾತೂ ತಪ್ಪಲಿಲ್ಲ. ಅದೇ ಪುಸ್ತಕದ 13:1ರಲ್ಲಿ ಇನ್ನೂ ಬಹಳ ಉಳಿದಿದೆ. ಸೊಲೊಮೋನನ ಆಳ್ವಿಕೆ ಯೂಫ್ರೆಟಿಸ್ ಮುಟ್ಟಿತು, ಆದರೆ ಅದರಲ್ಲಿ ಎಷ್ಟೋ ರಾಜ್ಯಗಳು ಕಪ್ಪ ಕೊಡುತ್ತಿದ್ದವು ಅಷ್ಟೆ. ಆಮೇಲೆ ಬಾಬೆಲಿಗೆ ಸೆರೆ. ತಿರುಗಿ ಬಂದವರೂ ನೆಹೆಮೀಯ 9:36ರಲ್ಲಿ ‘ಈ ದೇಶದಲ್ಲೇ ನಾವು ದಾಸರು’ ಎಂದು ಅಳುತ್ತಾರೆ. ಪತ್ರ ಗಟ್ಟಿ, ಕಬ್ಜಾ ಅರೆಬರೆ.

ಹೊಸ ಒಡಂಬಡಿಕೆಗೆ ಬಂದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು, ಇಷ್ಟು ವರ್ಷ ಕನ್ನಡದಲ್ಲಿ ಓದಿಯೂ ಬಿದ್ದಿರಲಿಲ್ಲ. ಕೀರ್ತನೆ 37:11ರಲ್ಲಿ ದೀನರಿಗೆ ಸಿಗುವುದು ‘ದೇಶ’. ಮತ್ತಾಯ 5:5ರಲ್ಲಿ ಶಾಂತರು ಬಾಧ್ಯರಾಗುವುದು ‘ಭೂಮಿ’ಗೆ. ನಮಗೆ ಎರಡು ಪದ. ಇಬ್ರಿಯ ಭಾಷೆಯ ‘ಎರೆತ್ಸ್’, ಗ್ರೀಕಿನ ‘ಗೇ’ ಎರಡಕ್ಕೂ ಎರಡೂ ಅರ್ಥ ಉಂಟು. ಯೇಸು ಆ ಕೀರ್ತನೆಯನ್ನೇ ಎತ್ತಿ ಹೇಳುತ್ತಿದ್ದಾನೆ, ಅನುವಾದದಲ್ಲಿ ನಮಗೆ ಅದು ಕೇಳಿಸುವುದಿಲ್ಲ. ಅಪೊಸ್ತಲ ಪೌಲನ ಪತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆಯನ್ನು ಎಫೆಸದವರಿಗೆ ಬರೆಯುವಾಗ ‘ನಿನ್ನ ದೇವರು ಕೊಡುವ’ ಎಂಬ ತುಂಡನ್ನು ಬಿಡುತ್ತಾನೆ, ಆಗ ‘ದೇಶದಲ್ಲಿ’ ಎನ್ನುವುದು ‘ಭೂಮಿಯ ಮೇಲೆ’ ಆಗುತ್ತದೆ. ರೋಮಾಪುರದವರಿಗೆ 4:13ರಲ್ಲಂತೂ ಅಬ್ರಹಾಮನು ಲೋಕಕ್ಕೇ ಬಾಧ್ಯ. ಮಣ್ಣು ಮೋಡವಾಗಲಿಲ್ಲ, ಚಕ್ಕುಬಂದಿ ಹಿಗ್ಗಿತು. ಹಾಗೆ ನೋಡಿದರೆ ಇಬ್ರಿಯ 11ರಲ್ಲಿ ದೇವರು ಸಿದ್ಧಮಾಡಿದ ಪಟ್ಟಣವೂ ಪ್ರಕಟನೆ 21ರಲ್ಲಿ ಮೇಲಕ್ಕೆ ಹೋಗುವುದಿಲ್ಲ, ಕೆಳಕ್ಕೆ ಇಳಿದು ಬರುತ್ತದೆ, ಅದೂ ಹೊಸ ಭೂಮಿಗೆ. ನನ್ನ ಮೊದಲ ಸಂಜೆಯ ಆಮೆನ್ ನೆನೆಸಿಕೊಂಡು ನಾಚಿಕೆಯಾಯಿತು.

ಒಬ್ಬ ಹುಡುಗ ಒಪ್ಪಲಿಲ್ಲ. ದೇವರ ವರಗಳೂ ಕರೆಯೂ ರದ್ದಾಗುವುದಿಲ್ಲ ಎಂದು ರೋಮಾ 11:29 ಹೇಳುತ್ತದಲ್ಲ, ಹಾಗಾದರೆ ಇಸ್ರಾಯೇಲ್ಯರಿಗೆ ಕೊಟ್ಟ ಮಾತು ಅವರಿಗೇ ನಡೆಯಬೇಡವೆ ಎಂದ. ಅವನಂತೆ ನಂಬುವ ಸಭೆಗಳು ಬಹಳ ಇವೆ. ಹಿಗ್ಗಿಸಿದ ಪತ್ರದಲ್ಲಿ ಮೊದಲಿನವರ ಹೆಸರು ಹೊಡೆದುಹಾಕಿಲ್ಲ, ಹೊಸ ಬಾಧ್ಯರನ್ನು ಸೇರಿಸಿದೆ ಎಂಬುದು ನನ್ನ ಓದು. ಯೆಹೆಜ್ಕೇಲ 47:22 ಆಗಲೇ ಪರದೇಶಿಗೂ ಸ್ವಾಸ್ತ್ಯದಲ್ಲಿ ಪಾಲು ಬರೆದಿತ್ತು. ಹುಡುಗ ತಲೆಯಾಡಿಸಿದ, ಒಪ್ಪಿ ಅಲ್ಲ, ಚಹಾ ಬಂದಿತ್ತು ಅಂತ.

ಕೊನೆಯ ವಾರ ಯೆರೆಮೀಯ 32 ಓದಿದೆವು. ಯೆರೂಸಲೇಮಿಗೆ ಬಾಬೆಲಿನವರ ಮುತ್ತಿಗೆ ಬಿದ್ದಿದೆ, ಪ್ರವಾದಿ ಸೆರೆಯಲ್ಲಿದ್ದಾನೆ, ಅಂಥ ಹೊತ್ತಿನಲ್ಲಿ ತನ್ನೂರು ಅನಾತೋತಿನ ಹೊಲವನ್ನು 17 ಶೆಕೆಲ್‌ಗೆ ಕೊಳ್ಳುತ್ತಾನೆ. ನಮ್ಮ ಕಡೆ ಯಾರಾದರೂ ಇಂಥ ವ್ಯವಹಾರಕ್ಕೆ ಬಂದಿದ್ದರೆ ಬೇಡ ಎಂದು ನಾನೇ ಕೈಮುಗಿದು ಕಳಿಸುತ್ತಿದ್ದೆ. ಪತ್ರ ಎರಡು, ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಬಹುದಿನ ಬಾಳಲಿ ಎಂದು ಎರಡನ್ನೂ ತನ್ನ ಲೇಖಕ ಬಾರೂಕನ ಕೈಯಿಂದ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ.

ಅಜ್ಜಿ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. ‘ಆ ಗಡಿಗಿ ಯಾವಾಗ ತೆಗದ್ರಂತ?’

ಪುಟ ತಿರುವಿದೆ. ಅದನ್ನು ಬರೆದಿಲ್ಲ.