ಕಿರ್ರ್ ಅಂದಿದ್ದು ಪ್ಯಾಡ್ ಅಲ್ಲ: ಕ್ಯಾರವಾನ್ ಹಿಚ್ ಸದ್ದು ಹಿಡಿದ ನನ್ನ ಅನುಭವ

ನನ್ನ ಕಾರಿಗೂ ಅದರ ಹಿಂದೆ ಎಳೆಯುವ ಕ್ಯಾರವಾನ್‌ಗೂ (ಚಕ್ರದ ಮೇಲಿನ ಮನೆ) ನಡುವಿನ ಕೊಂಡಿ, ಅಂದ್ರೆ ಹಿಚ್, ತಿರುವಿನಲ್ಲಿ ಕಿರಗುಟ್ಟುತ್ತಿತ್ತು. ಆ ಸದ್ದು ನಿಂತು ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರ್ ಆಯಿತು. ಅದಕ್ಕೇ ಈಗ ಧೈರ್ಯ ಮಾಡಿ ಬರೆಯುತ್ತಿದ್ದೇನೆ. "ಫ್ರಿಕ್ಷನ್ ಹಿಚ್ ಅಂದ್ಮೇಲೆ ಕಿರಗುಟ್ಟುತ್ತೆ, ಸುಮ್ನೆ ಓಡ್ಸು ಮಾರಾಯ" ಅಂದವರೂ "ಹಿಚ್ಚೇ ಹೋಗಿದೆ, ಹೊಸದು ಹಾಕ್ಸಿ" ಅಂದವರೂ ದಯವಿಟ್ಟು ಓದಿ.

ಸದ್ದು ಹೇಗಿತ್ತು ಅಂದ್ರೆ, ಗಂಟೆಗೆ 10-15 ಕಿ.ಮೀ. ವೇಗದಲ್ಲಿ ತಿರುವು ತೆಗೆದುಕೊಳ್ಳುವಾಗ ಹಳೇ ಮರದ ಬಾಗಿಲು ತೆರೆದ ಹಾಗೆ ಉದ್ದಕ್ಕೆ ಕಿರ್ರ್‌ರ್, ಕೊನೆಗೊಂದು ಟಕ್. ನೇರ ರಸ್ತೆಯಲ್ಲಿ ಏನೂ ಇಲ್ಲ. ಆ 'ಟಕ್' ಕಡೆ ಮೊದಲೇ ಕಿವಿ ಕೊಟ್ಟಿದ್ದರೆ ಅರ್ಧ ದುಡ್ಡು ಉಳಿಯುತ್ತಿತ್ತು. ಕೊಡಲಿಲ್ಲ.

ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ಪ್ಯಾಡ್‌ನಿಂದ. ಕಾರಿನ ಹಿಂದಿನ ಟೋ ಬಾರ್ (ಎಳೆಯುವ ಕಬ್ಬಿಣದ ಪಟ್ಟಿ) ಮೇಲಿನ ಗುಂಡು, ಅಂದ್ರೆ ಬಾಲ್, ಅದನ್ನು ಫ್ರಿಕ್ಷನ್ ಹಿಚ್‌ನ ಈ ಪ್ಯಾಡ್‌ಗಳು ಒತ್ತಿ ಹಿಡಿದು ಕ್ಯಾರವಾನ್ ಓಲಾಡದ ಹಾಗೆ ತಡೆಯುತ್ತವೆ. ಹಿಚ್ ಆಲ್-ಕೋ ಎಕೆಎಸ್ ಇರಲಿ, ವಿಂಟರ್‌ಹಾಫ್ ಡಬ್ಲ್ಯೂಎಸ್ 3000 ಇರಲಿ, ಬಾಲ್ ಒಣಗಿರಬೇಕು, ಗ್ರೀಸ್ ಬಣ್ಣ ಎರಡೂ ಇರಬಾರದು, ಇದು ನಿಮಗೆಲ್ಲ ಗೊತ್ತಿರೋದೇ. (ನನ್ನದು ಯಾವುದು ಅಂತ ಹೇಳಲ್ಲ, ತಪ್ಪು ಅದರದ್ದಲ್ಲ.) ಬಾಲ್‌ಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿದೆ, ಪ್ಯಾಡ್ ಬಿಚ್ಚಿ ಎಮರಿ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿದೆ. ಪ್ಯಾಡ್ ಉಜ್ಜುವುದರಲ್ಲಿ ನನ್ನದೊಂದು ಚಿಕ್ಕ ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ. ಮರುದಿನ ಹೊರಟರೆ ಸದ್ದು ಜಾಸ್ತಿ ಆಗಿತ್ತು. ಕಡಿಮೆ ಅಲ್ಲ, ಜಾಸ್ತಿ!

ಸರಿ, ಪ್ಯಾಡ್ ಸತ್ತಿದೆ ಅಂದುಕೊಂಡು ಹೊಸ ಸೆಟ್ ಹಾಕಿದೆ. ಇನ್ನೂ ಜೋರಾಯಿತು. ಆಗ ಬಾಲ್ ಮೇಲೆ ಅನುಮಾನ ಬಂತು. ವರ್ನಿಯರ್ ಇಟ್ಟು ನೋಡಿದರೆ 49.7 ಮಿ.ಮೀ. ಇತ್ತು ಅಂತ ನೆನಪು. ಹೊಸದು 50 ಇರುತ್ತದೆ, 49ರ ಹತ್ತಿರ ಇಳಿದರೆ ಎಸೆಯಬೇಕು. ಅಂದರೆ ನನ್ನ ಬಾಲ್ ಇನ್ನೂ ಗಟ್ಟಿಮುಟ್ಟಾಗಿತ್ತು. ಆದರೂ ಬದಲಿಸಿದೆ. ಯಾಕೆ ಅಂತ ಕೇಳಬೇಡಿ, ತಲೆ ಕೆಟ್ಟಿತ್ತು. ಹೊಸ ಬಾಲ್‌ನ ಕಪ್ಪು ಬಣ್ಣವನ್ನು ಉಜ್ಜಿ ಉಜ್ಜಿ ಬೆಳ್ಳಿ ಮಾಡಿ ಕೂರಿಸಿದೆ.

ಎರಡು ವಾರ ಒಂದು ಸದ್ದಿಲ್ಲ! ನಾನು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಮೂರನೇ ವಾರ ಅದೇ ಕಿರ್ರ್, ಅದೇ ಟಕ್. ಹೇಳಿಸಿಕೊಂಡವರೆಲ್ಲ ನಕ್ಕರು.

ಮುಂದಿನದು ಗ್ಯಾರೇಜ್. ಓವರ್‌ರನ್ ಶಾಫ್ಟ್ (ಕಾರು ನಿಧಾನವಾದಾಗ ಒಳಗೆ ಸರಿದು ಕ್ಯಾರವಾನ್ ಬ್ರೇಕ್ ಹಾಕುವ ದಂಡ) ಅದರ ಬುಷ್ ಸವೆದಿರಬಹುದು ಅಂತ ಅವರ ಲೆಕ್ಕ. ಎರಡೂ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದು ತುಂಬಿ, ರಬ್ಬರ್ ಬೆಲ್ಲೋ ಬದಲಿಸಿ ಅರ್ಧ ದಿನದ ಕೂಲಿ ತೆಗೆದುಕೊಂಡರು. ಆ ಸವೆತ ಇದ್ದರೆ ಬ್ರೇಕ್ ಹಾಕಿದಾಗ, ಹೊರಡುವಾಗ ಗುದ್ದಬೇಕು ಅಲ್ವಾ? ನನಗೆ ತಿರುವಿನಲ್ಲಿ ಮಾತ್ರ. ಹೊಟ್ಟೆನೋವಿಗೆ ತಲೆಗೆ ಮದ್ದು ಹಚ್ಚಿದ ಹಾಗಾಯಿತು. ಅಷ್ಟೊತ್ತಿಗೆ ಹೊಸ ಹಿಚ್ಚಿನ ಬೆಲೆಯ ಮುಕ್ಕಾಲು ಪಾಲು ಕೈಬಿಟ್ಟಿತ್ತು, ಹಿಚ್ ಮಾತ್ರ ಹಳೆಯದೇ.

ಇಲ್ಲಿಂದ ನನ್ನದೇ ದಾರಿ ಹಿಡಿದೆ.

ಎಲ್ಲರೂ ಹೇಳುವ ಪರೀಕ್ಷೆ ಮೊದಲು. ಖಾಲಿ ಮೈದಾನದಲ್ಲಿ, ಪ್ಯಾಡ್‌ಗಳನ್ನು ಬಾಲ್‌ಗೆ ಒತ್ತುವ ಸ್ಟೆಬಿಲೈಸರ್ ಲಿವರ್ ಬಿಟ್ಟು, ಬರೀ ಕಪ್ಲಿಂಗ್ ಲಾಕ್‌ನಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತಿದೆ. ಸದ್ದಿಲ್ಲ. ಲಿವರ್ ಒತ್ತಿದೆ, ಸದ್ದು ಬಂತು. "ನೋಡಿದ್ರಾ, ಪ್ಯಾಡೇ" ಅಂತಾರೆ ಎಲ್ಲರೂ. ನಾನೂ ಅದನ್ನೇ ನಂಬಿ ಇನ್ನೊಂದು ಸೆಟ್ ಪ್ಯಾಡ್ ತರಿಸಿಬಿಟ್ಟೆ. ಬಾಲ್ ಮೇಲೆ ಒಂದು ಬಾಟಲಿ ನೀರು ಸುರಿದೂ ನೋಡಿದೆ, ಹತ್ತು ನಿಮಿಷ ಮೌನ. ಅದೂ ಪ್ಯಾಡ್ ಕಡೆಗೇ ಕೈ ತೋರಿಸುತ್ತಿತ್ತು. ಸುಮ್ನೆ ಇರಲಾರದೆ ಗ್ಯಾಸ್ ಸಿಲಿಂಡರ್ ಹಿಂದೆ ಮುಂದೆ ಸರಿಸಿ ಮೂಗಿನ ಭಾರವನ್ನು (ಕ್ಯಾರವಾನ್ ಮುಂಭಾಗ ಬಾಲ್ ಮೇಲೆ ಹೇರುವ ಭಾರ) 60 ಕೆಜಿಯಿಂದ 80ರವರೆಗೆ ಬದಲಿಸಿ ನೋಡಿದೆ. ಸದ್ದಿಗೆ ಏನೂ ವ್ಯತ್ಯಾಸ ಆಗಲಿಲ್ಲ, ಆದರೆ 80ರಲ್ಲಿ ಗಾಡಿ ಎಷ್ಟು ನೆಟ್ಟಗೆ ಓಡಿತು ಅಂದ್ರೆ ಈಗಲೂ ಅಷ್ಟಕ್ಕೇ ಇಟ್ಟಿದ್ದೇನೆ. ನಿಮ್ಮ ಟೋ ಬಾರ್‌ಗೆ ಎಷ್ಟು ಬರೆದಿದೆಯೋ ಅದನ್ನು ಮೀರಬೇಡಿ.

ಅವತ್ತು ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನಾಕೆ ಹೇಳಿದಳು: "ರೀ, ಇದು ಕ್ಯಾರವಾನ್ ಕಡೆಯಿಂದ ಬರ್ತಿಲ್ಲ. ನನ್ನ ಬೆನ್ನ ಹಿಂದೆ, ಡಿಕ್ಕಿ ಕೆಳಗೇ ಕೇಳ್ತಿದೆ."

ನಾನು ನಂಬಲಿಲ್ಲ. ನಂಬದೇ ಇರೋಕೆ ಅಂತಲೇ ಎರಡು ಫೋನ್ ತೆಗೆದುಕೊಂಡೆ. ಒಂದನ್ನು ಹಳೇ ಕಾಲುಚೀಲದಲ್ಲಿ ಸುತ್ತಿ ಕ್ಯಾರವಾನ್ ಮುಂದಿನ ಎ-ಫ್ರೇಮ್ ಮೇಲೆ ಕಟ್ಟಿದೆ, ಇನ್ನೊಂದನ್ನು ಬಂಪರ್ ಕೆಳಗೆ ಟೋ ಬಾರ್‌ಗೆ. ಕಾಲುಚೀಲ ಇಲ್ಲದಿದ್ದರೆ ಬರೀ ಗಾಳಿ ಸದ್ದು ಬರುತ್ತದೆ, ಮೊದಲ ಸಲ ಹಾಗೇ ಆಗಿತ್ತು. ಎರಡನ್ನೂ ಕೇಳಿದರೆ, ಎ-ಫ್ರೇಮ್ ಫೋನಿನಲ್ಲಿ ಗೊರಗೊರ ಅಂತ ಸಣ್ಣ ಸದ್ದು, ಬಂಪರ್ ಕೆಳಗಿನದರಲ್ಲಿ ಕಿವಿ ಹರಿಯುವ ಕಿರ್ರ್, ಆಮೇಲೆ ಸ್ಪಷ್ಟವಾಗಿ ಟಕ್. ಅವಳ ಮುಂದೆ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ, ಆದರೆ ಅವಳು ಹೇಳಿದ್ದೇ ಸರಿ.

ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿದೆ. ನನ್ನದು ಎರಡು ಬೋಲ್ಟ್‌ನ ಫ್ಲಾಂಜ್ ಬಾಲ್, ಅಂದ್ರೆ ಚಪ್ಪಟೆ ತಳವನ್ನು ಟೋ ಬಾರ್‌ಗೆ ಬೋಲ್ಟ್ ಹಾಕಿ ಬಿಗಿಯುವಂಥದ್ದು. ಬಾಲ್‌ಗೂ ಟೋ ಬಾರ್‌ಗೂ ನಡುವೆ ಕರೆಂಟ್ ಸಾಕೆಟ್ ಹಿಡಿಯುವ ತಗಡು ಸಿಕ್ಕಿಸಿದ್ದರು, ಅದಕ್ಕೆ ದಪ್ಪಗೆ ಬಣ್ಣ. ಆ ತಗಡಿನ ಅಂಚಿನಿಂದ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಸಣ್ಣ ಗೆರೆಯಾಗಿ ಇಳಿದಿತ್ತು. ಬೆರಳಿಗೆ ತಾಗಿಸಿದರೆ ಪೌಡರ್ ಹಾಗೆ ನುಣ್ಣಗೆ. ಮಳೆಗೆ ಹಿಡಿದ ತುಕ್ಕು ಹಾಗಿರಲ್ಲ, ಅದು ಹಕ್ಕಳೆ ಏಳುತ್ತದೆ. ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿದಾಗ ಬರುವ ತುಕ್ಕು ಇದು.

ಗಟ್ಟಿ ಮಾಡಿಕೊಳ್ಳೋಣ ಅಂತ ಬಾಲ್ ಫ್ಲಾಂಜ್, ತಗಡು, ಟೋ ಬಾರ್ ಮೂರರ ಮೇಲೂ ಅಡ್ಡಲಾಗಿ ವೈಟ್ನರ್‌ನಿಂದ ಒಂದು ಗೆರೆ ಎಳೆದೆ. ಒಣಗಿದ ಮೇಲೆ ಮೈದಾನದಲ್ಲಿ ಎಂಟು ಹತ್ತು ಸುತ್ತು. ಬಂದು ನೋಡಿದರೆ ಗೆರೆ ಮುರಿದಿತ್ತು, ಉಗುರಿನ ದಪ್ಪದಷ್ಟು ಪಕ್ಕಕ್ಕೆ ಸರಿದಿತ್ತು. ನಟ್ ಮೇಲೆ ಸ್ಪ್ಯಾನರ್ ಇಟ್ಟರೆ ಕಾಲು ಸುತ್ತು ಸಲೀಸಾಗಿ ತಿರುಗಿತು.

ಈಗ ಹಿಂದಿನದೆಲ್ಲ ಲೆಕ್ಕ ಕೂಡಿತು. ಪ್ಯಾಡ್ ಎಷ್ಟು ಗಟ್ಟಿ ಹಿಡಿಯುತ್ತದೋ ತಿರುವಿನಲ್ಲಿ ಬಾಲನ್ನು ಅಷ್ಟೇ ಜೋರಾಗಿ ತಿರುಚುತ್ತದೆ, ಆ ತಿರುಚು ಬೋಲ್ಟ್ ಜಾಗಕ್ಕೆ ಬರುತ್ತದೆ. ಪ್ಯಾಡ್ ಶುಚಿ ಮಾಡಿದಾಗ ಸದ್ದು ಜಾಸ್ತಿ ಆಗಿದ್ದು, ನೀರು ಹಾಕಿದಾಗ ನಿಂತಿದ್ದು, ಲಿವರ್ ಬಿಟ್ಟಾಗ ಮಾಯವಾಗಿದ್ದು ಎಲ್ಲ ಇದೇ ಕಾರಣಕ್ಕೆ. ಹೊಸ ಬಾಲ್ ಹಾಕಿದಾಗ ಎರಡು ವಾರ ಸುಮ್ಮನಿದ್ದದ್ದು ಬಾಲ್‌ನಿಂದ ಅಲ್ಲ, ಬೋಲ್ಟ್ ಹೊಸದಾಗಿ ಬಿಗಿ ಮಾಡಿದ್ದರಿಂದ. ಅದೇ ತಗಡನ್ನು ನಾನೇ ವಾಪಸ್ ಸಿಕ್ಕಿಸಿದ್ದೆ, ಬಣ್ಣ ಸವೆದು ಬಿಗಿ ಹೋಯಿತು. ಹಾಗಾಗಿ ಲಿವರ್ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಸದ್ದು ನಿಂತರೆ ಪ್ಯಾಡೂ ಇರಬಹುದು, ಆ ಹಿಡಿತ ಹೋಗಿ ತಲುಪುವ ಯಾವ ಜಾಗ ಬೇಕಾದರೂ ಇರಬಹುದು.

ರಿಪೇರಿ ಒಂದೂವರೆ ಗಂಟೆ ಹಿಡಿಯಿತು. ತಗಡು ಕಿತ್ತು ಸಾಕೆಟ್‌ಗೆ ಪಕ್ಕದಲ್ಲಿ ಬೇರೆ ಬ್ರಾಕೆಟ್ ಮಾಡಿದೆ. ಎರಡೂ ಮುಖಗಳ ಬಣ್ಣ ಕೆರೆದು ಬರಿ ಲೋಹಕ್ಕೆ ತಂದೆ. ಹೊಸ ಬೋಲ್ಟ್, ಹೊಸ ಲಾಕ್ ನಟ್, ಟೋ ಬಾರ್ ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್. ಅಂದಾಜಿಗೆ ಬಿಗಿ ಮಾಡಬೇಡಿ. ಮೊದಲ ದಿನದ ಓಟ ಮುಗಿದ ಮೇಲೆ ಮತ್ತೆ ನೋಡಿದೆ, ಚೂರು ತಿರುಗಿತು. ಆಮೇಲೆ ಇಲ್ಲ. ಕೆರೆದ ಅಂಚಿಗೆ ತುಕ್ಕು ಬರದ ಹಾಗೆ ಹೊರಗಿನಿಂದ ಏನೋ ಒಂದು ಹಚ್ಚಿದ್ದೇನೆ, ಅದು ಇನ್ನೊಂದು ಮಳೆಗಾಲ ತಡೆದುಕೊಂಡರೆ ಹೇಳುತ್ತೇನೆ.

ಖರ್ಚು? ಪ್ಯಾಡ್ ಸೆಟ್ಟಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದೆ ಅನ್ನಿ. ಚಳಿಯ ಬೆಳಿಗ್ಗೆ ಮೊದಲ ತಿರುವಿನಲ್ಲಿ ಸಣ್ಣಗೆ ಗೊರ್ರ್ ಅನ್ನುತ್ತದೆ, ಅದು ನಿಜವಾಗಿಯೂ ಪ್ಯಾಡ್, ಅದಕ್ಕೆ ನನ್ನ ತಕರಾರಿಲ್ಲ. ಎರಡನೇ ಸಲ ತರಿಸಿದ ಪ್ಯಾಡ್ ಸೆಟ್ ಇನ್ನೂ ಕವರ್ ಒಡೆಯದೆ ಶೆಲ್ಫಿನಲ್ಲಿ ಕೂತಿದೆ.